ಬುಧವಾರ ಮೂರು ಗಂಟೆಯ ಮೇಲೆ

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾಡುವ ಆ ಕಾರ್ಖಾನೆಯಲ್ಲಿ ಎರಡೇ ಎರಡು ಕೋಣೆಗಳಿಗೆ ಎ.ಸಿ. ಇತ್ತು. ಒಂದು ಜನರಲ್ ಮ್ಯಾನೇಜರರದು, ಇನ್ನೊಂದು ಭೀಮರಾಜನದು. ನಿಜ ಹೇಳಬೇಕೆಂದರೆ ಎರಡನೆಯದನ್ನು ಹಾಕಿಸಿದ್ದು ಭೀಮರಾಜನಿಗಲ್ಲ, ಅವನ ಪಕ್ಕದಲ್ಲಿದ್ದ ಸರ್ವರ್ ಎಂಬ ಕಪ್ಪು ಪೆಟ್ಟಿಗೆಗೆ. ಆದರೆ ನಾಲ್ಕು ವರ್ಷ ಅದೇ ತಂಪಿನಲ್ಲಿ ಕೂತ ಮೇಲೆ ಅದನ್ನು ಯಾರಿಗಾಗಿ ಹಾಕಿಸಿದ್ದು ಎಂಬುದು ಎಂಥವನಿಗೂ ಮರೆತುಹೋಗುತ್ತದೆ.

ಭೀಮರಾಜ್ ಟೇಕಲ್ಲಿನವನು. ತಂದೆ ಇಲ್ಲ, ತಾಯಿ ದೊಡ್ಡಗಂಗಮ್ಮ, ತಂಗಿ ತ್ರಿವೇಣಿ, ಎರಡು ಸೀಮೆಹಸು, ಒಂದೂವರೆ ಎಕರೆ ರಾಗಿ ಹೊಲ. ಕೋಲಾರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ದಿನಾ ಬೆಳಿಗ್ಗೆ ರೈಲು ಹತ್ತಿ ಮಾಲೂರಿಗೆ ಬರುತ್ತಿದ್ದ. ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಕಾರ್ಖಾನೆಯ ನೂರ ಎಂಬತ್ತಮೂರು ಜನರ ಇ-ಮೇಲ್ ಖಾತೆಗಳು ಅವನ ಕೈಯಲ್ಲಿದ್ದವು. ಹೊಸಬರು ಬಂದರೆ ಖಾತೆ ತೆರೆಯುವವನು ಅವನು, ಬಿಟ್ಟುಹೋದರೆ ಮುಚ್ಚುವವನೂ ಅವನೇ. ಯಾರು ಯಾವ ಕಡತ ನೋಡಬಹುದು, ಯಾರ ಮೇಲ್ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂದು ಗೊತ್ತುಮಾಡುವವನೂ ಅವನೇ. ಎಲ್ಲರಿಗೂ ಒಟ್ಟಿಗೆ ಮೇಲ್ ಕಳಿಸುವ ಅನುಮತಿಯಂತೂ ಇಡೀ ಕಾರ್ಖಾನೆಯಲ್ಲಿ ಇಬ್ಬರಿಗೆ ಮಾತ್ರ ಇತ್ತು. ಜನರಲ್ ಮ್ಯಾನೇಜರರಿಗೆ ಕಂಪ್ಯೂಟರ್ ಹಚ್ಚಲು ಬರುತ್ತಿರಲಿಲ್ಲವಾದ್ದರಿಂದ ಒಬ್ಬನಿಗೇ ಇತ್ತು ಎಂದರೂ ನಡೆಯುತ್ತದೆ.

ಅಧಿಕಾರ ಬಂದಮೇಲೆ ನಿಯಮ ಬರದೆ ಇರುತ್ತದೆಯೇ? ನಲವತ್ತೈದು ದಿನಕ್ಕೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಬೇಕು. ಮೂರು ಸಲ ತಪ್ಪು ಒತ್ತಿದರೆ ಖಾತೆಗೆ ಬೀಗ. ಬೀಗ ತೆಗೆಸಲು ಫೋನು ಮಾಡುವಂತಿಲ್ಲ, ಇನ್ನೊಬ್ಬರ ಕೈಲಿ ಹೇಳಿಕಳಿಸುವಂತಿಲ್ಲ. ಅವನ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿತ್ತು: ‘ಪಾಸ್‌ವರ್ಡ್ ಮರೆತವರು ಮೇಲಧಿಕಾರಿಯ ಸಹಿ ಇರುವ ಫಾರ್ಮ್ ತೆಗೆದುಕೊಂಡು ಖುದ್ದಾಗಿ ಬರತಕ್ಕದ್ದು. ಬುಧವಾರ, ಮೂರು ಗಂಟೆಯ ಮೇಲೆ ಮಾತ್ರ.’ ಬುಧವಾರವೇ ಏಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಆ ಕಾಗದದ ಬಿಸಿ ಚೆನ್ನಾಗಿ ತಾಕಿದ್ದು ಸ್ಟೋರ್ಸ್ ನೋಡಿಕೊಳ್ಳುವ ಚನ್ನರಾಯಪ್ಪನವರಿಗೆ. ವೇಮಗಲ್ಲಿನವರು, ಇಪ್ಪತ್ತೆರಡು ವರ್ಷದ ಸರ್ವಿಸು. ಸ್ಟೋರ್ಸ್ ಮತ್ತು ಯಂತ್ರಗಳಿದ್ದ ಶಾಪ್‌ಫ್ಲೋರಿನ ತೊಂಬತ್ತು ಜನ ಅವರ ಮಾತು ಮೀರುತ್ತಿರಲಿಲ್ಲ. ಕಂಪ್ಯೂಟರ್ ಮಾತ್ರ ಮೀರುತ್ತಿತ್ತು. ಎರಡು ಬೆರಳಲ್ಲಿ ಒತ್ತುತ್ತಾ ಒಂದು ಸೋಮವಾರ ಮೂರು ಸಲ ತಪ್ಪು ಮಾಡಿದರು, ಬೀಗ ಬಿತ್ತು. ಬಿಸಿಲಲ್ಲಿ ಅಂಗಳ ದಾಟಿ ಬಂದು ಬಾಗಿಲು ತಟ್ಟಿದರು.

"ಲೋ ಭೀಮರಾಜಾ, ಅದೇನೋ ತಗಲಾಕ್ಕೊಂಡದೆ, ವಸಿ ಬಿಡಿಸ್ಕೊಡಪ್ಪ. ಲಾರಿ ಬಂದು ನಿಂತದೆ."

ಭೀಮರಾಜ್ ತಲೆ ಎತ್ತಲಿಲ್ಲ. ಬೆರಳು ಎತ್ತಿ ಬಾಗಿಲ ಮೇಲಿನ ಕಾಗದ ತೋರಿಸಿದ.

ಚನ್ನರಾಯಪ್ಪ ಅದನ್ನು ನಿಧಾನವಾಗಿ ಓದಿದರು, ಇನ್ನೊಮ್ಮೆ ಓದಿದರು, ಬಂದ ದಾರಿಯಲ್ಲೇ ವಾಪಸು ಹೋದರು. ಲಾರಿ ಎರಡು ದಿನ ಗೇಟಿನಲ್ಲೇ ನಿಂತಿತು, ಅವರಿಗೆ ಮೆಮೊ ಬಂತು. ಬುಧವಾರ ಮೂರಕ್ಕೆ ಸರಿಯಾಗಿ ಫಾರ್ಮ್ ಹಿಡಿದು ಬಂದು ಬೀಗ ತೆಗೆಸಿಕೊಂಡರು. ಎಲ್ಲರಿಗೂ ನಿಯಮ ಒಂದೇ ಎಂದು ಭೀಮರಾಜ್ ಅಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು, ಅದನ್ನೂ ಹೇಳಿಬಿಡಬೇಕು. ಮನಸ್ಸು ಮಾಡಿದ್ದರೆ ಯಾರ ಮೇಲ್ ಬೇಕಾದರೂ ತೆರೆದು ಓದಬಹುದಿತ್ತು. ಒಂದು ದಿನವೂ ಓದಲಿಲ್ಲ. ಜಂಬ ಇತ್ತು, ಕಳ್ಳತನ ಇರಲಿಲ್ಲ.

ಹೀಗಿರುವಾಗ, ಎರಡು ಸಾವಿರದ ಐದನೇ ಇಸವಿಯಲ್ಲಿ, ತ್ರಿವೇಣಿಗೆ ಮುಳಬಾಗಿಲಿನಿಂದ ಸಂಬಂಧ ಕೂಡಿಬಂತು. ಹುಡುಗನ ತಂದೆ ರಾಮಚಂದ್ರಪ್ಪ, ನಿವೃತ್ತ ಹೆಡ್‌ಮಾಸ್ತರು. ಮಾತು ಕಮ್ಮಿ, ಆಡಿದ್ದು ತೂಕ. ಮಾತುಕತೆಯ ದಿನ ಭೀಮರಾಜ್ ಅವರೆದುರು ಎದೆಯುಬ್ಬಿಸಿ, "ನಮ್ ಕಂಪನಿಯಿಂದಾನೇ ನೂರೈವತ್ತು ಜನ ಬರ್ತಾರೆ ಸಾರ್, ಎಲ್ಲಾ ನನ್ ಕೈಕೆಳಗೇ ಇರೋದು" ಎಂದುಬಿಟ್ಟಿದ್ದ. ಕೈಕೆಳಗೆ ಇದ್ದದ್ದು ಅವರ ಪಾಸ್‌ವರ್ಡು ಎಂದು ಹೇಳಲಿಲ್ಲ.

ನಿಶ್ಚಿತಾರ್ಥ ಟೇಕಲ್ಲಿನ ಮನೆಯಲ್ಲೇ, ಮದುವೆ ಮೂರು ವಾರ ಬಿಟ್ಟು ಮಾಲೂರಿನ ಛತ್ರದಲ್ಲಿ ಎಂದಾಯಿತು. ದೊಡ್ಡಗಂಗಮ್ಮ ಕುಂಕುಮದ ಭರಣಿ ತೊಳೆದು ಒಣಗಿಸಿ, ಕಾರ್ಡುಗಳ ಮೂಲೆಗೆಲ್ಲ ಅರಿಶಿನ ಹಚ್ಚಿ ಇಟ್ಟರು.

"ನಾಳೆಯಿಂದ ಮನೆಮನೆಗೆ ಹೋಗಿ ಕರ್ದು ಬರಾಣ ಕಣೋ."

"ಯಾವ್ ಕಾಲದಲ್ಲಿದ್ದೀಯಮ್ಮಾ? ಕಾರ್ಡ್ ಸ್ಕ್ಯಾನ್ ಮಾಡಿ ಒಂದ್ ಬಟನ್ ಒತ್ತಿದ್ರೆ ನೂರ ಎಂಬತ್ಮೂರ್ ಜನಕ್ಕೂ ಒಂದೇ ಸಲ ಹೋಗುತ್ತೆ."

"ಪಿಲವಕುಂಡಾ ಎವರೊಸ್ತಾರ್ರಾ?" ಎಂದರು ತಾಯಿ. ಸಿಟ್ಟು ಬಂದಾಗ ಅವರಿಗೆ ತೆಲುಗೇ ಬಾಯಿಗೆ ಬರುತ್ತಿತ್ತು. ಆಮೇಲೆ ಕನ್ನಡದಲ್ಲೂ ಕೇಳಿದರು: "ಕರೀದೆ ಇದ್ರೆ ಯಾರ್ ಬರ್ತಾರೋ?"

ಭೀಮರಾಜ್ ನಕ್ಕುಬಿಟ್ಟ, ಮರುದಿನ ಕಾರ್ಖಾನೆಗೆ ಹೋಗಿ ಬಟನ್ ಒತ್ತಿದ. ಯಾರು ಯಾರು ತೆರೆದು ನೋಡಿದರು ಎಂಬ ಲೆಕ್ಕ ತನಗೆ ಬರುವಂತೆಯೂ ಮಾಡಿಕೊಂಡಿದ್ದ. ಶುಕ್ರವಾರ ಸಂಜೆಯ ಹೊತ್ತಿಗೆ ನೂರ ಎಪ್ಪತ್ತೊಂದು ಜನ ನೋಡಿದ್ದರು. ಅಡಿಗೆಯವರಿಗೆ ಇನ್ನೂರು ಎಲೆ ಎಂದು ಹೇಳಿದ.

ನಿಶ್ಚಿತಾರ್ಥದ ಭಾನುವಾರ ಬೆಳಗಾಯಿತು. ಶಾಮಿಯಾನ ಹಾಕಿತ್ತು, ಹೋಳಿಗೆ ಬೇಯುತ್ತಿತ್ತು, ಮುಳಬಾಗಿಲಿನಿಂದ ಎರಡು ಮೆಟಾಡೋರ್ ತುಂಬ ಬೀಗರು ಬಂದಿಳಿದರು. ಪ್ರತಿ ರೈಲಿಗೂ ಭೀಮರಾಜ್ ಸ್ಟೇಷನ್ನಿಗೆ ಹೋಗಿ ನಿಂತ. ಹನ್ನೊಂದೂವರೆಯ ರೈಲಿನಲ್ಲಿ ಒಬ್ಬನೇ ಒಬ್ಬ ಇಳಿದ. ಅವನು ಗೇಟಿನ ಕಾವಲುಗಾರ ಕದಿರೇಶ, ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಉಡುಗೊರೆ. ಕದಿರೇಶನಿಗೆ ಇ-ಮೇಲ್ ಖಾತೆ ಇರಲಿಲ್ಲ. ಗುರುವಾರ ಗೇಟು ದಾಟುವಾಗ ಭೀಮರಾಜನೇ ಬಾಯಲ್ಲಿ ಹೇಳಿದ್ದ.

ಹತ್ತಿರದ ನೆಂಟರು, ಊರಿನವರು ಎಲ್ಲ ಸೇರಿ ಐವತ್ತು ಎಲೆ ಎದ್ದಿತು. ಕೈ ತೊಳೆಯುತ್ತಾ ರಾಮಚಂದ್ರಪ್ಪ ಮೆಲ್ಲಗೆ ಕೇಳಿದರು: "ನಿಮ್ ಕಂಪನಿಯವರಿಗೆ ಭಾನುವಾರಾನೂ ಡ್ಯೂಟಿನಾ?" ಉತ್ತರಕ್ಕೆ ಕಾಯದೆ ಟವೆಲ್ಲಿಗೆ ಕೈ ಒರೆಸಿಕೊಂಡರು. "ಇರ್ಲಿ ಬಿಡಿ. ಮದುವೇಲಿ ಹೆಣ್ಣಿನ ಕಡೆ ಪಂಕ್ತಿಗೂ ನಮ್ಮೋರನ್ನೇ ಕೂರಿಸಿದ್ರಾಯ್ತು."

ತಟ್ಟೆ ಹಿಡಿದು ನಿಂತಿದ್ದ ತ್ರಿವೇಣಿ ಅದನ್ನು ಕೇಳಿಸಿಕೊಂಡಳು. ತಲೆ ತಗ್ಗಿಸಿದವಳು ಬೀಗರು ಹೋಗುವವರೆಗೂ ಎತ್ತಲಿಲ್ಲ. ಭೀಮರಾಜನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಾನು ಕೊಚ್ಚಿಕೊಂಡದ್ದಕ್ಕೆ ಮಾತು ಕೇಳಬೇಕಾದವಳು ತಂಗಿ, ಅದೂ ಒಂದು ದಿನವಲ್ಲ, ಹೋದ ಮನೆಯಲ್ಲಿ ಬಾಳುವಷ್ಟು ದಿನವೂ. ಮದುವೆಯ ದಿನವೂ ಪಂಕ್ತಿ ಹೀಗೇ ಖಾಲಿ ಬಿದ್ದರೆ ಅವಳ ಮುಖ ನೋಡುವುದು ಹೇಗೆ?

ಸೋಮವಾರ ಸಿಡಿಮಿಡಿಗುಟ್ಟುತ್ತಾ ಹೋಗಿ ಪರ್ಸನೆಲ್ ವಿಭಾಗದ ವಿಭಾಳ ಮೇಜಿನೆದುರು ನಿಂತ.

"ಓದಿದ್ರಿ ತಾನೇ? ಬುಧವಾರ ಹನ್ನೊಂದು ಇಪ್ಪತ್ತಕ್ಕೆ ಓದಿದ್ದೀರಿ, ನನ್ ಹತ್ರ ಲೆಕ್ಕ ಇದೆ."

"ಓದ್ದೆ ಭೀಮರಾಜ್. ಕಾರ್ಡ್ ತುಂಬಾ ಚೆನ್ನಾಗಿತ್ತು" ಎಂದಳು ವಿಭಾ, ಕಣ್ಣಲ್ಲಿ ಒಂದಿಷ್ಟೂ ಕೊಂಕಿಲ್ಲದೆ. "ನೀವು ಬಂದು ಕರೀತೀರಾ ಅಂತ ಶನಿವಾರದವರೆಗೂ ಕಾದೆ. ಸೀರೇನೂ ತೆಗೆದಿಟ್ಟಿದ್ದೆ."

"ಮೇಲ್‌ನಲ್ಲಿ ಕರೆದಿದ್ನಲ್ಲಾ!"

"ನಿಮ್ ಮೇಲ್ ಅಂದ್ರೆ ಪೆಟ್ಟಿಗೆ ತುಂಬಿದೆ ಖಾಲಿ ಮಾಡಿ, ಪಾಸ್‌ವರ್ಡ್ ಹಳೇದಾಯ್ತು ಬದಲಾಯಿಸಿ, ಇದೇ ಅಲ್ವಾ? ಎಲ್ಲಾರೂ ಓದ್ತೀವಿ. ಓದಿ ಅಳಿಸ್ತೀವಿ."

ಭೀಮರಾಜ್ ಅಲ್ಲಿಂದ ಹೊರಟ. ತನ್ನ ಕೋಣೆಗೆ ಬಂದು ಕೂತ. ಮನೆಮನೆಗೆ ಹೋಗಬೇಕು, ಬೇರೆ ದಾರಿ ಇಲ್ಲ. ಆದರೆ ಯಾರ ಮನೆ ಎಲ್ಲಿದೆ? ಯಾರ ಪೆಟ್ಟಿಗೆಯಲ್ಲಿ ಎಷ್ಟು ಜಾಗವಿದೆ, ಯಾರು ಎಷ್ಟು ಸಲ ಪಾಸ್‌ವರ್ಡ್ ಮರೆತಿದ್ದಾರೆ ಎಲ್ಲ ಗೊತ್ತು. ಒಬ್ಬರ ಬೀದಿಯೂ ಗೊತ್ತಿಲ್ಲ. ವಿಳಾಸಗಳಿದ್ದದ್ದು ಪರ್ಸನೆಲ್ ವಿಭಾಗದ ಕಡತದಲ್ಲಿ. ಅದನ್ನು ತೆರೆಯುವುದು ಅವನಿಗೆ ಎರಡು ನಿಮಿಷದ ಕೆಲಸ, ಯಾರಿಗೂ ತಿಳಿಯುವುದೂ ಇಲ್ಲ. ಕೈ ಕೀಲಿಮಣೆಯವರೆಗೂ ಹೋಯಿತು. ಆದರೆ ಆ ಕಡತ ಅವನಿಗೆ ಸೇರಿದ್ದಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಎದ್ದು ಗೇಟಿಗೆ ಹೋದ.

ಕದಿರೇಶ ಎಲ್ಲರ ಮನೆಯನ್ನೂ ಬಾಯಲ್ಲೇ ಹೇಳಿದ. ಶಿಫ್ಟ್ ತಪ್ಪಿಸಿದವರನ್ನು ಕರೆತರಲು ಎಷ್ಟೋ ಮನೆಗೆ ಅವನನ್ನೇ ಅಟ್ಟಿದ್ದರು. ಯಾರ ಮನೆ ಮುಂದೆ ನುಗ್ಗೆಮರ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು.

ಅಂದಿನಿಂದ ಸಂಜೆಗಳು, ಎರಡು ಭಾನುವಾರಗಳು, ತಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭೀಮರಾಜ್ ತಿರುಗಿದ್ದೇ ತಿರುಗಿದ್ದು. ಮಾಲೂರು, ಕೋಲಾರ, ಕ್ಯಾಲನೂರು, ಶ್ರೀನಿವಾಸಪುರ. ಹೋದಕಡೆ ಕುಂಕುಮ ಕೊಟ್ಟು, ಕಾರ್ಡು ಕೊಟ್ಟು, "ಎಲ್ರೂ ಬರ್ಬೇಕು" ಎಂದು ಕೈ ಮುಗಿದ. ಯಾರೂ ಅವಮಾನ ಮಾಡಲಿಲ್ಲ. ಮಜ್ಜಿಗೆ ಕೊಟ್ಟರು, ತಾಯಿಯನ್ನು ಒಳಗೆ ಕರೆದು ಕೂರಿಸಿದರು. ಆದರೆ ಶಾಪ್‌ಫ್ಲೋರಿನವರ ಮನೆಯಲ್ಲೆಲ್ಲ ಕೊನೆಗೆ ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಚನ್ನರಾಯಪ್ಪನೋರ್ನ ಕರೆದ್ರಾ?" ಅವರು ಬಂದರೆ ತೊಂಬತ್ತು ಜನ ಬರುತ್ತಾರೆ, ಇಲ್ಲದಿದ್ದರೆ ಒಬ್ಬನೂ ಇಲ್ಲ ಎಂಬುದು ಅವನಿಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಆ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದ.

ಮದುವೆಗೆ ಒಂದು ವಾರ ಇರುವಾಗ, ಭಾನುವಾರ, ಒಬ್ಬನೇ ವೇಮಗಲ್ಲಿಗೆ ಹೋದ. ಚನ್ನರಾಯಪ್ಪ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಭೀಮರಾಜ್ ಅಂಗಳದಲ್ಲೇ ಚಪ್ಪಲಿ ಬಿಟ್ಟು, ಭರಣಿ ಹಿಡಿದು ನಿಂತ.

"ಅಣ್ಣಾ, ತಂಗಿ ಮದುವೆ. ನೀವು ಬರ್ಬೇಕು."

ಅವರು ತಲೆ ಎತ್ತಲಿಲ್ಲ. ಇನ್ನೆರಡು ಕಾಯಿ ಸುಲಿದು, ಬೀಜ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದರು.

"ಬುಧವಾರ ಬಾ" ಎಂದರು. "ಮೂರು ಗಂಟೆ ಮೇಲೆ."

ಭೀಮರಾಜನ ಕಿವಿ ಕೆಂಪಾಯಿತು. ಅವರು ಹೇಳಿದ್ದರಲ್ಲಿ ತನ್ನದಲ್ಲದ ಒಂದು ಪದವೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದ.

ಬುಧವಾರ ಅರ್ಧ ದಿನ ರಜೆ ಹಾಕಿದ. ತಾಯಿಯನ್ನೂ ಕರೆದುಕೊಂಡ. ವೇಮಗಲ್ ತಲುಪಿದಾಗ ಎರಡೂಕಾಲು. ಬಾಗಿಲು ಮುಚ್ಚಿತ್ತು. ಬೀದಿಯ ಹುಣಸೆಮರದ ಕೆಳಗೆ ತಾಯಿಮಗ ನಿಂತರು.

"ಬಾಗಿಲು ತಟ್ಟಬಾರ್ದಾ?" ಎಂದು ದೊಡ್ಡಗಂಗಮ್ಮ ಕೇಳಿದರು.

"ಇನ್ನೂ ಮೂರಾಗಿಲ್ಲಮ್ಮ."

ಆಗಲೇ ಅವನಿಗೆ ಒಂದು ವಿಷಯ ಹೊಳೆಯಿತು. ಇಂದು ಬುಧವಾರ, ಕೆಲಸದ ದಿನ. ಈ ಹೊತ್ತಿಗೆ ಚನ್ನರಾಯಪ್ಪ ಸ್ಟೋರ್ಸಿನಲ್ಲಿ ಇರುತ್ತಾರೆ, ಮನೆಯಲ್ಲಲ್ಲ. ತನ್ನನ್ನು ಖಾಲಿ ಮನೆಯ ಮುಂದೆ ನಿಲ್ಲಿಸುವುದಕ್ಕೇ ಬುಧವಾರ ಎಂದದ್ದು. ನಿಲ್ಲಿಸಲಿ, ತಾನು ಎಷ್ಟು ಜನರನ್ನು ನಿಲ್ಲಿಸಿಲ್ಲ? ಆದರೆ ತಾಯಿಯನ್ನೂ ಕರೆತಂದೆನಲ್ಲ, ಈ ವಯಸ್ಸಿನಲ್ಲಿ ಈ ಬಿಸಿಲಲ್ಲಿ ಅವರನ್ನೂ ನಿಲ್ಲಿಸಿದೆನಲ್ಲ ಎಂದು ಅವನಿಗೆ ಅಳು ಬಂದಂತಾಯಿತು.

ಮೂರು ಗಂಟೆಗೆ ಸರಿಯಾಗಿ ಬಾಗಿಲು ತೆರೆಯಿತು. ಚನ್ನರಾಯಪ್ಪ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಸಿಲಲ್ಲಿ ನಿಂತಿದ್ದರು. ಹಿಂದೆ ಅವರ ಹೆಂಡತಿ ಶಾಮಲಮ್ಮ. ಒಳಗಿನಿಂದ ಒಬ್ಬಟ್ಟಿನ ತುಪ್ಪದ ವಾಸನೆ ಬರುತ್ತಿತ್ತು.

"ಅಯ್ಯೋ, ಅಮ್ಮನ್ನೂ ಕರ್ಕೊಂಡ್ ಬಂದಿದ್ದೀಯಾ? ಮೊದ್ಲೇ ಹೇಳ್ಬಾರ್ದೇನೋ, ಮುಟ್ಠಾಳ!" ಎಂದು ಅವರು ಬೀದಿಗೇ ಇಳಿದು ಬಂದರು. "ನಿನ್ನಿಂದ ನಂದೂ ಅರ್ಧ ದಿನ ರಜೆ ಹಾಳಾಯ್ತು ಕಣೋ. ಬಾ ಒಳಗೆ."

ಭೀಮರಾಜ್ ಬಗ್ಗಿ ಅವರ ಕಾಲು ಮುಟ್ಟಿದ. ಕುಂಕುಮದ ಭರಣಿಯನ್ನು ಶಾಮಲಮ್ಮನೇ ಅವನ ಕೈಯಿಂದ ತೆಗೆದುಕೊಂಡರು, ಇಲ್ಲದಿದ್ದರೆ ಅದು ಬಿದ್ದೇ ಹೋಗುತ್ತಿತ್ತು.

ಮದುವೆಯ ದಿನ ಕಾರ್ಖಾನೆಯಿಂದ ನೂರ ಅರವತ್ತು ಜನ ಬಂದರು. ವಿಭಾ ತೆಗೆದಿಟ್ಟಿದ್ದ ಸೀರೆ ಉಟ್ಟು ಬಂದಳು. ಸ್ಟೋರ್ಸಿನವರು ಲಾರಿಯಲ್ಲೇ ಬಂದಿಳಿದರು. ಚನ್ನರಾಯಪ್ಪ ಛತ್ರದ ಬಾಗಿಲಲ್ಲಿ ನಿಂತು ಬೀಗರಿಗೆಲ್ಲ ಪನ್ನೀರು ಚಿಮುಕಿಸಿದರು, ಪಂಕ್ತಿಯಲ್ಲಿ ತಿರುಗಿ ಪಾಯಸ ಬಡಿಸಿದರು, ಅಡಿಗೆಯವರ ಮೇಲೆ ಎರಡು ಸಲ ರೇಗಿದರು. ಹೆಣ್ಣಿನ ಕಡೆ ಮೂರು ಪಂಕ್ತಿ ಏಳುವವರೆಗೆ ರಾಮಚಂದ್ರಪ್ಪನವರಿಗೆ ಊಟಕ್ಕೆ ಜಾಗ ಸಿಗಲಿಲ್ಲ.

"ಯಾರಪ್ಪಾ ಅವ್ರು, ಸೋದರಮಾವನಾ?" ಎಂದು ಅವರು ಭೀಮರಾಜನನ್ನು ಕೇಳಿದರು.

"ಹೌದು ಸಾರ್" ಎಂದ ಅವನು. ಕೈಕೆಳಗಿನವರು ಎನ್ನಲಿಲ್ಲ. ತ್ರಿವೇಣಿ ಹಸೆಮಣೆಯಿಂದ ತಲೆ ಎತ್ತಿ ಅಣ್ಣನನ್ನು ನೋಡಿ ನಕ್ಕಳು.

ಮುಂದಿನ ಸೋಮವಾರ ಬೆಳಿಗ್ಗೆ ಕೋಣೆಯ ಫೋನು ಹೊಡೆದುಕೊಂಡಿತು. ಆ ಕಡೆ ಚನ್ನರಾಯಪ್ಪ. ಮದುವೆಯ ಗಲಾಟೆಯಲ್ಲಿ ಪಾಸ್‌ವರ್ಡ್ ಮರೆತಿದ್ದರು, ಮೂರು ಸಲ ತಪ್ಪು ಒತ್ತಿದ್ದರು, ಬೀಗ ಬಿದ್ದಿತ್ತು. "ಬುಧವಾರ ಬರ್ತೀನಿ ಬಿಡು, ಫಾರ್ಮ್ ತುಂಬಿಸ್ತಿದ್ದೀನಿ" ಎಂದು ಫೋನು ಇಟ್ಟರು.

ಭೀಮರಾಜ್ ಎದ್ದ. ಹೊರಗೆ ಬಂದು ಬಾಗಿಲ ಮೇಲಿನ ಕಾಗದವನ್ನು ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡ. ಎ.ಸಿ. ಕೋಣೆಯಿಂದ ಸ್ಟೋರ್ಸಿಗೆ ಅಂಗಳ ದಾಟಿ ಇನ್ನೂರು ಹೆಜ್ಜೆ. ನಾಲ್ಕು ವರ್ಷದಲ್ಲಿ ಅವನು ಆ ಕಡೆಗೆ ನಡೆದದ್ದು ಇದೇ ಮೊದಲು. ಬಿಸಿಲು ನೆತ್ತಿ ಸುಡುತ್ತಿತ್ತು.

ಫಾರ್ಮ್ ತುಂಬಿಸುತ್ತಿದ್ದ ಚನ್ನರಾಯಪ್ಪ ಕನ್ನಡಕದ ಮೇಲಿಂದ ನೋಡಿದರು.

"ಏನ್ಲಾ, ಇವತ್ತು ಸೋಮವಾರ ಅಲ್ವಾ?"

"ಹೌದಣ್ಣ, ಸೋಮವಾರ" ಎಂದು ಭೀಮರಾಜ್ ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತ.