ಬಸ್ತಿ ಮಾಮನ ಹೆಜ್ಜೆ

ಮೊದಲು ಕೇಳಿಸಿದ್ದು ಗಾಜಿನ ಕಿಣಿಕಿಣಿ. ದೋಹಾದ ಮದೀನತ್ ಖಲೀಫಾದಲ್ಲಿ ನನ್ನ ಮಗಳು ಒಂದು ವಿಲ್ಲಾದಿಂದ ಅದೇ ರಸ್ತೆಯ ಇನ್ನೊಂದಕ್ಕೆ ಮನೆ ಬದಲಿಸುತ್ತಿದ್ದಳು. ಹೊರಗೆ ಗಾಳಿ ಎದ್ದು ಆಕಾಶವೆಲ್ಲ ಧೂಳಿನ ಬಣ್ಣವಾಗಿತ್ತು. ಇಬ್ಬರು ಆಳುಗಳು ಗಾಜಿನ ಬಾಗಿಲಿನ ಶೋಕೇಸನ್ನು ಹೊತ್ತು ಬರುತ್ತಿದ್ದರೆ, ಪಿಕಪ್ ತಂದಿದ್ದ ಹಮೀದ್, ನಮ್ಮ ಉಳ್ಳಾಲದ ಕಡೆಯವನು, "ಯಲ್ಲಾ, ಲೆಫ್ಟ್ ರೈಟ್, ಒಟ್ಟಿಗೆ ಹಾಕಿ ಹೆಜ್ಜೆ" ಎಂದು ಹಿಂದಿಯಲ್ಲಿ ಕೂಗುತ್ತಿದ್ದ. ಅವರು ಒಟ್ಟಿಗೆ ಹಾಕಿದಷ್ಟೂ ಗಾಜು ಹೆಚ್ಚು ನಡುಗಿತು. ಕುರ್ಚಿಯಲ್ಲಿ ಕೂತಿದ್ದ ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಒಟ್ಟಿಗೆ ಬೇಡ ಹಮೀದ್. ಮುಂದಿನವ ಎಡಗಾಲು ಇಡುವಾಗ ಹಿಂದಿನವ ಬಲಗಾಲು ಇಡ್ಲಿ."

"ಎಂತ ಬಾಯಮ್ಮ, ಅದು ಕುಡಿದವರ ನಡಿಗೆ ಆಗ್ತದೆ!" ಎಂದು ನಕ್ಕ. ಆದರೂ ಆಳುಗಳಿಗೆ ಹೇಳಿದ. ಅವರು ಸ್ವಲ್ಪ ದೂರ ತಡವರಿಸಿದರು, ಆಮೇಲೆ ಗಾಜು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಬಸ್ತಿ ಮಾಮ ನೆನಪಾಗಿ ಬಂದು ನಿಂತ.

ಬಸ್ತಿ ಮಾಮ ನನ್ನ ಅಮ್ಮನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮತ್ತು ನಾನು ಮಂಗಳೂರಿನ ಅಜ್ಜಿಮನೆಯಲ್ಲೇ ಇದ್ದೆವು. ಅಜ್ಜಿಯನ್ನು ಎಲ್ಲರೂ ಮಾಯ್ ಎನ್ನುತ್ತಿದ್ದರು. ಮಾಮ ಇಗರ್ಜಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಸಂಜೆಯ ಪ್ರೇಯರ್ ಮುಗಿದ ಮೇಲೆ ಜಗಲಿಯಲ್ಲಿ ಕೂತು ವಾದ್ಯದ ಕರಿಮರಕ್ಕೆ ಎಣ್ಣೆ ಸವರುತ್ತಿದ್ದ. ಆ ಎಣ್ಣೆಯ ವಾಸನೆ, ಒಳಗಿನಿಂದ ಬರುವ ಬಂಗುಡೆ ಸಾರಿನ ವಾಸನೆ, ಆಗ ತಾನೇ ಆರಿಸಿದ ಮೇಣದಬತ್ತಿಯ ಹೊಗೆ, ಇವೆಲ್ಲ ಸೇರಿದರೆ ನನಗೆ ಮನೆ. "ನನ್ನ ಪೆಟ್ಟಿಗೆ ಹೊರುವ ದಿನ ನೀನು ಮುಂದೆ ಊದ್ಲಿಕ್ಕುಂಟು, ನೆನಪಿರ್ಲಿ" ಎಂದು ಮಾಯ್ ಆಗಾಗ ಹೇಳುವುದು, "ಮೊದ್ಲು ಸಾಯು ಮಾಯ್, ಆಮೇಲೆ ಯಾವ ಪದ ಅಂತ ನೋಡುವ" ಎಂದು ಮಾಮ ನಗುವುದು. ಬಟ್ ಮಾಯ್ ಅದನ್ನು ತಮಾಷೆಗೆ ಹೇಳುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗಿ ಪಲ್ಟಣದ ಬ್ಯಾಂಡಿಗೆ ಜನ ಬೇಕೆಂದಾಗ ಅವನು ತಾನಾಗಿ ಹೋಗಿ ಹೆಸರು ಕೊಟ್ಟು ಬಂದ. ಯಾರೂ ಒತ್ತಾಯ ಮಾಡಿರಲಿಲ್ಲ.

"ಬ್ರಿಟಿಷರಿಗೂ ಜರ್ಮನಿಯವರಿಗೂ ಜಗಳ. ನಡುವೆ ನಿನಗೆಂತ ಕೆಲಸ?"

"ಜಗಳ ಅವರದ್ದೇ ಮಾಯ್. ನನಗೆ ಹಿತ್ತಾಳೆ ಗುಂಡಿಯ ಕೋಟು ಸಾಕು."

ಕಾನ್ವೆಂಟಿನಲ್ಲಿ ಸಿಸ್ಟರ್ "ಅವರ್ ಬ್ರೇವ್ ಬಾಯ್ಸ್" ಎಂದು ಸೈನಿಕರಿಗಾಗಿ ಪ್ರಾರ್ಥನೆ ಹೇಳಿಸುವಾಗ ನಾನು ಕತ್ತು ಉದ್ದ ಮಾಡಿ ಕೂರುತ್ತಿದ್ದೆ, ಸೋ ಪ್ರೌಡ್! ಮುಂಬಯಿಯಿಂದ ಹಡಗು ಅವನನ್ನು ದೋಹಾದ ಇದೇ ಕೊಲ್ಲಿಯ ಮೇಲೆ ಬಸ್ರಾಕ್ಕೆ ಒಯ್ದಿತಂತೆ, ಅಲ್ಲಿಂದ ಮುಂದೆ ಲಾರಿ, ಮರಳು. ಈಗ ಸಂಜೆ ಅಳಿಯ ಕಡಲ ಬದಿಗೆ ಕರೆದುಕೊಂಡು ಹೋದಾಗ ಎಲ್ಲರೂ ದೀಪ ನೋಡುತ್ತಾರೆ, ನಾನು ನೀರು ನೋಡುತ್ತೇನೆ.

ಯುದ್ಧ ಮುಗಿದು ಮಾಮ ಬಂದ. ಕೈಕಾಲು ನೆಟ್ಟಗಿತ್ತು. ಆದರೆ ಕ್ಲಾರಿನೆಟ್ಟಿನ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಇನ್ನೊಂದು ವಿಚಿತ್ರವಿತ್ತು. ಇನ್ನೊಬ್ಬರ ಜೊತೆ ಸೇರಿ ಅವನು ಏನನ್ನೂ ಎತ್ತುತ್ತಿರಲಿಲ್ಲ. ಮನೆಗೆ ಜನ ಬಂದಾಗ "ಆ ತುದಿ ಹಿಡಿ ಬಸ್ತಿ" ಎಂದು ಮಾಯ್ ಬೆಂಚಿನ ಈ ತುದಿ ಹಿಡಿದರೆ, ಅವಳನ್ನು ಸರಿಸಿ ತಾನೊಬ್ಬನೇ ದರದರ ಎಳೆದುಕೊಂಡು ಹೋಗುತ್ತಿದ್ದ. "ನನ್ನ ಕೆಂಪು ನೆಲ ಪೂರಾ ಗೀರಿದೆಯಲ್ಲ, ಮಹಾ ಸೋಲ್ಜರ್!" ಎಂದು ಮಾಯ್ ಬೈಯುತ್ತಿದ್ದಳು. ಆ ಗೀರುಗಳ ಮೇಲೆ ನಾನು ಒಂಟಿ ಕಾಲಿನಲ್ಲಿ ಕುಂಟಾಟ ಆಡಿದ್ದೇನೆ.

ಒಂದು ಮಧ್ಯಾಹ್ನ ಜಗಲಿಯಲ್ಲಿ ನಾನೇ ಕೇಳಿದೆ, ಯುದ್ಧದಲ್ಲಿ ಯಾವ ಪದ ಊದಿದೆ ಎಂದು. ಮಾಮ ಹೇಳಿದ, "ಗುಂಡು ಬೀಳುವಲ್ಲಿ ಯಾರು ಊದ್ತಾರೆ ಮಗಳೇ? ಬ್ಯಾಂಡಿನವರ ಕೈಗೆ ಸ್ಟ್ರೆಚರ್ ಕೊಡುದು. ನಮಗೆ ಗೊತ್ತಿದ್ದದ್ದು ತಾಳಕ್ಕೆ ಸರಿಯಾಗಿ ಕಾಲು ಹಾಕುದು ಒಂದೇ. ಹಾಗೆ ನಡೆದ್ರೆ ಸ್ಟ್ರೆಚರ್ ಕುಲುಕಿ ಮಲಗಿದವ ಕಿರುಚ್ತಾನೆ. ಮುಂದಿನವ ಎಡ, ಹಿಂದಿನವ ಬಲ. ಮಾರ್ಚ್ ಮರೀಬೇಕು." ಮತ್ತೆ ತನ್ನ ಅಂಗೈ ನೋಡುತ್ತ, "ನಾನು ಯಾವಾಗಲೂ ಮುಂದೆ. ಹಿಂದಿನವ ಗುಂಡು ತಾಗಿ ಬಿದ್ದದ್ದು ಮೊದ್ಲು ಕೈಗೆ ಗೊತ್ತಾಗುದು" ಎಂದ. ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ. ಬೆಂಚು ನೆನಪಾಯಿತು, ಅಷ್ಟೇ.

ಮಾಯ್ ತೀರಿಕೊಂಡ ದಿನ ಎಲ್ಲರ ಕಣ್ಣು ಮಾಮನ ಮೇಲೆ. ಅವಳ ಆಸೆ ಊರಿಗೇ ಗೊತ್ತಿತ್ತು. ಬ್ಯಾಂಡಿನವರು ಅಂಗಳದಲ್ಲಿ ಅವನಿಗೆ ಜಾಗ ಬಿಟ್ಟು ನಿಂತಿದ್ದರು. ಅವನು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು, ಮುಚ್ಚಳ ತೆಗೆದು, ಒಣಗಿ ಬಿರುಕು ಬಿಟ್ಟಿದ್ದ ಮರದ ಮೇಲೆ ಬೆರಳಾಡಿಸಿ, ಮತ್ತೆ ಮುಚ್ಚಿದ. ನಂತರ ನೆಟ್ಟಗೆ ಹೋಗಿ ಶವಪೆಟ್ಟಿಗೆಯ ಮುಂದಿನ ಹಿಡಿಗೆ ಕೈ ಹಾಕಿದ. ಬೆಂಚಿನ ತುದಿಯನ್ನೂ ಹಿಡಿಯದವನು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಮುಂದಿನವರು ಎಡ, ಹಿಂದಿನವರು ಬಲ" ಎಂದು ಹೇಳಿದ. ಬ್ಯಾಂಡು ಶುರುವಾಯಿತು, ಹೊತ್ತವರ ಕಾಲು ಡ್ರಮ್ಮಿಗೆ ಒಲಿಯತೊಡಗಿತು, ಮಾಮ ಮತ್ತೆ ಮತ್ತೆ ಆ ತಾಳ ತಪ್ಪಿಸಿದ. ಹಿಂದೆ ಹಿಡಿದಿದ್ದ ದಾಯಾದಿಯೊಬ್ಬ ಮೆಲ್ಲಗೆ, "ಬಸ್ತಿ, ಅವಳಿಗೆ ಈಗ ನೋವಾಗುದಿಲ್ಲ ಮಾರಾಯ" ಎಂದ.

"ಗೊತ್ತುಂಟು. ನೀನು ಬಲಗಾಲು ಇಡು."

ಇಳಿಜಾರಿನ ಆ ದಾರಿಯುದ್ದಕ್ಕೂ ಪೆಟ್ಟಿಗೆಯ ಮೇಲಿಟ್ಟ ಹೂವು ಒಂದೂ ಜಾರಲಿಲ್ಲ. ಕ್ಲಾರಿನೆಟ್ಟು ಬರಬೇಕಾದಲ್ಲಿ ಬ್ಯಾಂಡಿನ ಹಾಡು ಖಾಲಿ ಖಾಲಿ ಕೇಳುತ್ತಿತ್ತು. ಹಿಂದೆ ನಡೆಯುತ್ತಿದ್ದ ನಾನು ಅಳುವುದನ್ನು ಮರೆತು ಅವನ ಕಾಲನ್ನೇ ನೋಡುತ್ತಿದ್ದೆ.

ಆ ಮನೆ ಈಗ ಇಲ್ಲ, ಅಲ್ಲಿ ಫ್ಲ್ಯಾಟುಗಳು ಎದ್ದಿವೆ. ಗೀರು ಬಿದ್ದ ಕೆಂಪು ನೆಲವನ್ನು ಯಾವ ಲಾರಿ ಎಲ್ಲಿ ಸುರಿಯಿತೋ. ನಿಮ್ಮ ಮನೆಯ ನೆಲವೂ ಹಾಗೆಯೇ ಎಲ್ಲೋ ಹೋಗಿರಬಹುದು.

ಶೋಕೇಸ್ ಇಳಿಸಿ ಬಂದ ಹಮೀದ್ ನೀರು ಕುಡಿಯುತ್ತ, "ಇದು ಎಲ್ಲಿ ಕಲ್ತದ್ದು ಬಾಯಮ್ಮ?" ಎಂದು ಕೇಳಿದ.

"ನನ್ನ ಮಾಮ ಮಿಲಿಟರಿಯಲ್ಲಿದ್ದ. ಇದೇ ಕಡಲಲ್ಲಿ ಹೋದವ."

"ಓಹೋ! ಗನ್ನು ಗಿನ್ನು ಇತ್ತಾ?"

"ಕ್ಲಾರಿನೆಟ್ ಇತ್ತು."

ನಗಬೇಕೋ ಬೇಡವೋ ತಿಳಿಯದೆ ಅವನು ಲೋಟ ಇಟ್ಟು ಹೋದ. ಆಮೇಲೆ ಕನ್ನಡಿಯ ಮೇಜು ಹೊರಟಿತು. ಕಿಟಕಿಯಲ್ಲಿ ಧೂಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಅದರೊಳಗಿನಿಂದ ಹಮೀದನ ದನಿ ಮಾತ್ರ ದೂರ ದೂರ ಹೋಗುತ್ತಿತ್ತು. "ಒಟ್ಟಿಗೆ ಬೇಡ, ಒಟ್ಟಿಗೆ ಬೇಡ. ಮೆಲ್ಲ."