ಕಿವಿಯಿದ್ದ ಬತ್ತಳಿಕೆ

ಕಾಲೇಜಿನ ಬಿಲ್ಲುಗಾರಿಕೆ ತಂಡದಲ್ಲಿದ್ದ ವರ್ಷ ನನ್ನ ಬತ್ತಳಿಕೆಯ ತಳ ಕಿತ್ತುಹೋಯಿತು. ಬಾಣದ ಮೊನೆ ತಾಗಿ ತಾಗಿ ಬಟ್ಟೆ ಜಾಳಾಗಿತ್ತು. ಹೊಸದನ್ನು ಕೇಳುವ ಜಾಯಮಾನ ನನ್ನದಲ್ಲ. ರಜೆಗೆ ನಮ್ಮೂರು ವನಗೂರಿಗೆ ಬಂದವಳೇ ಜೀಪಿನ ಹಳೆಯ ಟ್ಯೂಬ್ ಕತ್ತರಿಸಿ, ತಳಕ್ಕೆ ಎರಡು ಪದರ ಹೊದಿಸಿದೆ. ಕಾಫಿ ಮೂಟೆ ಹೊಲಿಯುವ ದಬ್ಬಳ, ಗೋಣಿದಾರ ಹಿಡಿದು ಮೂಟೆ ಇಡುವ ಸ್ಟೋರಿನ ಬಾಗಿಲಲ್ಲೇ ಕೂತು ಹೊಲಿದು ಮುಗಿಸಿದೆ.

ಅಪ್ಪ ಅದನ್ನು ಎತ್ತಿ ನೋಡಿ ನಕ್ಕುಬಿಟ್ಟರು. "ಇದ್ಯಾಕವ್ವಾ, ಇದಕ್ಕೂ ಕಿವಿ ಬಿಟ್ಟಿದೀಯ?"

ನೋಡಿದರೆ ಹೌದು. ಮೂಟೆ ಎತ್ತುವವರಿಗೆ ಹಿಡಿ ಸಿಗಲೆಂದು ಅದರ ಬಾಯಿಯ ಎರಡೂ ಮೂಲೆಗಳನ್ನು ದಾರದಿಂದ ಬಿಗಿದು ಕಿವಿ ಬಿಡುವುದು ನಮ್ಮಲ್ಲಿ ರೂಢಿ. ಚಿಕ್ಕಂದಿನಿಂದ ಮೂಟೆ ಹೊಲಿದ ಕೈ ಬತ್ತಳಿಕೆಗೂ ಅದನ್ನೇ ಮಾಡಿತ್ತು. ನಾನೇನೂ ಬಿಚ್ಚಲು ಹೋಗಲಿಲ್ಲ.

"ಇರ್ಲಿ ಬಿಡಪ್ಪ, ಹೊಲಿಗೆ ಗಟ್ಟಿ ಐತೆ," ಎಂದೆ.

ರಜೆ ಮುಗಿದ ಮೇಲೆ ಕಾಲೇಜು ಮೈದಾನದಲ್ಲಿ ತಂಡದ ಹುಡುಗಿಯರು ಆ ಕಿವಿಗಳನ್ನು ಹಿಡಿದೆಳೆದು ತಮಾಷೆ ಮಾಡಿದರು. ಎಷ್ಟು ಎಳೆದರೂ ಒಂದು ಹೊಲಿಗೆಯೂ ಜಗ್ಗಲಿಲ್ಲ. ಮಾರನೆಯ ವಾರ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದವಳೇ ತನ್ನ ಹರಿದ ಬತ್ತಳಿಕೆಯನ್ನು ತಂದು ನನ್ನ ಮಡಿಲಲ್ಲಿಟ್ಟಳು.

"ಕಿವಿ ಮರೀಬೇಡ ಕಣೇ," ಎಂದಳು.