ಅಡುಗೆಮನೆಯ ತಗಡಿನ ಡ್ರಾಯರ್

ಶೋರ್‌ಲೈನ್ ಎಂಬ ಊರಿನಲ್ಲಿ ವಸ್ತುಸಂಗ್ರಹಾಲಯವಾಗಿರುವ ಹಳೆಯ ಮನೆಯೊಂದರ ಅಡುಗೆಮನೆಯಲ್ಲಿ ಇಂದು ನಡೆದ ಸಂಗತಿಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದು, ಮರ ಕೊಯ್ಯುವ ಮಿಲ್ಲಿನಿಂದ ಸಿರಿವಂತನಾದವನ ಮನೆ ಅದು. ಅಲ್ಲಿ ಒಬ್ಬಳೇ ಮಾರ್ಗದರ್ಶನ ಮಾಡಲು ಅನುಮತಿ ಕೋರಿ ನನ್ನ ಅಕ್ಕನ ಮಗಳು ಸುಧಾ ಪರೀಕ್ಷೆಗೆ ಹಾಜರಾಗಿದ್ದಳು. ಪರೀಕ್ಷಕಿ ಮಾರ್ಗರೆಟ್ ಎಂಬ ವೃದ್ಧೆ. ಮನೆ ನೋಡಲು ಬಂದ ಸಂದರ್ಶಕನ ಸ್ಥಾನದಲ್ಲಿ ನಾನು.

"ಇದು ಯಜಮಾನರು ಮಿಲ್ಲಿನ ಕಾಗದ ಇಡುತ್ತಿದ್ದ ಡ್ರಾಯರ್" ಎಂದು ಸುಧಾ ವಿವರಿಸಿದಳು. ಅದರ ಒಳಗೆ ತಗಡು ಹೊದಿಸಿತ್ತು. ತಳದಲ್ಲಿ ಚಾಕುವಿನ ಗೆರೆಗಳಿದ್ದವು. ನಮ್ಮ ಮನೆಯಲ್ಲಿ ಹಾಲುಬಾಯಿ ಸುರಿದು ಕೊಯ್ಯುವ ತಟ್ಟೆಯಲ್ಲಿಯೂ ಅಂಥವೇ ಗೆರೆಗಳಿರುವುದರಿಂದ, ಇಲ್ಲಿ ಏನನ್ನು ಕೊಯ್ಯುತ್ತಿದ್ದರೆಂದು ವಿಚಾರಿಸಿದೆನು.

"ಮಾವ, ನನ್ನ ಪಾಸಾಗೋಕೆ ಬಿಡಲ್ವಾ ನೀವು?" ಎಂದು ಸುಧಾ ಕನ್ನಡದಲ್ಲಿ ಪಿಸುಗುಟ್ಟಿದಳು.

ಮಾರ್ಗರೆಟ್ ಅವರೇ ಉತ್ತರಿಸಿದರು. ಓಟ್ಸ್ ಗಂಜಿಯನ್ನು ಡ್ರಾಯರಿಗೆ ಸುರಿದು, ಗಟ್ಟಿಯಾದ ಮೇಲೆ ಕೊಯ್ದು ವಾರವಿಡೀ ತಿನ್ನುವುದು ಸ್ಕಾಟ್ಲೆಂಡಿನ ಬಡವರ ಪದ್ಧತಿಯಂತೆ. ಸಿರಿ ಬಂದ ಬಳಿಕವೂ ಯಜಮಾನನು ಒಂದು ತುಂಡನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಮಿಲ್ಲಿಗೆ ಹೋಗುತ್ತಿದ್ದನಂತೆ. ಆಗಷ್ಟೇ ಆ ಮನೆಯ ಕೆತ್ತನೆಯ ಮೆಟ್ಟಿಲುಗಳನ್ನು ಇಳಿದು ಬಂದಿದ್ದ ನನಗೆ ಇದು ಬಹಳ ಸೋಜಿಗವೆನಿಸಿತು.

"ಕಾಗದದ ವಿಷಯ ನಿನಗೆ ಯಾರು ಹೇಳಿದರು?" ಎಂದು ಮಾರ್ಗರೆಟ್ ಸುಧಾಳನ್ನು ಕೇಳಿದರು.

"ನಾನೇ ಊಹಿಸಿದೆ" ಎಂದು ಸುಧಾ ಒಪ್ಪಿಕೊಂಡಳು.

"ಮುಂದಿನ ಗುಂಪಿಗೂ ನೀನೇ ಹೇಳು. ಆಮೇಲೆ ನೋಡೋಣ" ಎಂದರು ಮಾರ್ಗರೆಟ್.

ಗುಂಪು ಬಂದಿತು. ಮನೆಯ ಯಜಮಾನ ಮತ್ತೆಂದಾದರೂ ಸ್ಕಾಟ್ಲೆಂಡಿನ ತನ್ನ ಊರಿಗೆ ಹೋಗಿದ್ದನೇ ಎಂದು ಒಬ್ಬಾಕೆ ಕೇಳಿದರು. ಸುಧಾ ಬಾಯಿ ತೆರೆದು, ಕ್ಷಣ ತಡೆದು, "ನನಗೆ ಗೊತ್ತಿಲ್ಲ" ಎಂದಳು. ಮಾರ್ಗರೆಟ್ ಅವಳೊಬ್ಬಳನ್ನೇ ಗುಂಪಿನೊಡನೆ ಬಿಟ್ಟು, ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತರು.